ಎಣಿಸಿದ್ದು ಜನರನ್ನ, ಕಳಕೊಂಡಿದ್ದು ಪುಟಗಳನ್ನ

ಮೊನ್ನೆ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಹೊಸದಾಗಿ ಒಂದು ಜಾಲತಾಣ ಶುರು ಮಾಡಿದ್ದಾರೆ. "ಆರು ತಿಂಗಳಾಯ್ತು ಮಾರಾಯ್ರೆ, ದಿನಕ್ಕೆ ಇಪ್ಪತ್ತು ಜನಾನೂ ಬರ್ತಿಲ್ಲ. ನೀವು ಹಳಬರು, ಜನ ಬರೋ ಹಾಗೆ ಮಾಡೋದು ಹೇಗೆ ಹೇಳಿ" ಅಂದರು. ನಾನು "ಬರೆದಿದ್ದಕ್ಕೆಲ್ಲ ಇನ್ನೊಂದು ಪ್ರತಿ ಇಟ್ಕೊಂಡಿದ್ದೀರಾ?" ಅಂತ ಕೇಳಿದೆ. "ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?" ಅಂತ ನಕ್ಕರು.

ಸಂಬಂಧ ಇದೆ. ಫೋನಿನಲ್ಲಿ ಹೇಳೋಕೆ ಹೋದರೆ ಗಂಟೆ ಹಿಡಿಯುತ್ತೆ ಅಂತ ಸುಮ್ಮನಾದೆ. ಆ ಒಂದು ಗಂಟೆಯ ಮಾತನ್ನ ಇಲ್ಲಿ ಬರೀತಿದ್ದೇನೆ. ಮೂವತ್ತು ವರ್ಷಗಳ ಕಥೆ, ಮಧ್ಯೆ ನನ್ನದೂ ಒಂದು ಸಣ್ಣ ಕಥೆ. ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಮೊದಲ ತಾಣ

2001ರಲ್ಲಿ ಪುಕ್ಕಟೆ ಜಾಗ ಕೊಡುವ ಒಂದು ಕಂಪನಿಯಲ್ಲಿ ನಾನೊಂದು ತಾಣ ಮಾಡಿದ್ದೆ. ವಿಷಯ ನಮ್ಮೂರಿನ ಹೊಲಗದ್ದೆಗಳ ಹೆಸರುಗಳು. ಸರ್ವೇ ನಂಬರ್ ಅಲ್ಲ, ಊರಿನವರ ಬಾಯಲ್ಲಿದ್ದ ಹೆಸರುಗಳು. ಅಳಿಯನ ಗದ್ದೆ, ಬರದ ಬಾವಿ ಹೊಲ, ಮೂರುಮೂಲೆ ಹೀಗೆ. ಯಾವ ಮಗಳ ಮದುವೆಯಲ್ಲಿ ಯಾವ ಅಳಿಯನಿಗೆ ಕೊಟ್ಟಿದ್ದು, ಯಾವ ಬರದಲ್ಲಿ ಬಾವಿ ತೋಡಿದ್ದು, ಇದೆಲ್ಲ ಅಪ್ಪನಿಗೆ ಬಾಯಿಪಾಠ. ರಜೆಗೆ ಹೋದಾಗ ಅವರು ಹೇಳುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ಟೈಪ್ ಮಾಡುತ್ತಿದ್ದೆ. ಒಟ್ಟು 43 ಹೆಸರುಗಳಾದವು.

ನಿಜ ಹೇಳಬೇಕೆಂದರೆ ಹೆಸರುಗಳಿಗೆ ಕೊಟ್ಟಷ್ಟೇ ಸಮಯವನ್ನ ಕೌಂಟರಿಗೂ ಕೊಟ್ಟೆ. ಪುಟದ ಬುಡದಲ್ಲಿ ಕಪ್ಪು ಪಟ್ಟಿ, ಅದರಲ್ಲಿ ಹಸಿರು ಅಂಕಿಗಳು. ನೆನಪಿದೆಯಾ? ಮೇಲೆ ಓಡುವ ಅಕ್ಷರ, ಪಕ್ಕದಲ್ಲಿ ಗೆಸ್ಟ್‌ಬುಕ್, ಮೌಸ್ ಇಟ್ಟರೆ ಸರ್ರಂತ ಬಿಚ್ಚಿಕೊಳ್ಳುವ ಮೆನು. ದಿನಕ್ಕೆ ನಾಲ್ಕು ಸಲ ನಾನೇ ಹೋಗಿ ಅಂಕಿ ನೋಡುತ್ತಿದ್ದೆ, ನೋಡಿದಾಗಲೆಲ್ಲ ಅದು ಒಂದೊಂದು ಏರುತ್ತಿತ್ತು :)

ಆ ತಾಣ ಏನಾಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದೇ ಪಟ್ಟಿ ಸಾಕಿದ್ದ ಕಾಲ

1991ರ ಆಗಸ್ಟ್ 6ರಂದು ಟಿಮ್ ಬರ್ನರ್ಸ್-ಲೀ ಒಂದು ಸುದ್ದಿಗುಂಪಿನಲ್ಲಿ ತಮ್ಮ ವರ್ಲ್ಡ್ ವೈಡ್ ವೆಬ್ ಬಗ್ಗೆ ಬರೆದು, ಆಸಕ್ತರು ಬಂದು ನೋಡಿ ಎಂದು ಕರೆದರು. ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದ ಆ ಮೊದಲ ತಾಣಕ್ಕೆ ಜನರನ್ನ ಕರೆದಿದ್ದು ಹೀಗೆ. ಆಗ ಇದ್ದ ತಾಣಗಳು ಕೈಬೆರಳೆಣಿಕೆಯಷ್ಟು. ಹೊಸದೊಂದು ಬಂದರೆ ಸರ್ನ್‌ನ ಪಟ್ಟಿಗೆ ಒಂದು ಸಾಲು ಸೇರುತ್ತಿತ್ತು. ಪ್ರಚಾರ ಅಂದರೆ ಅಷ್ಟೇ.

1993ರ ಜೂನ್‌ನಿಂದ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆ, ಅಂದರೆ ಮೊಸಾಯಿಕ್ ಬ್ರೌಸರ್ ಮಾಡಿದವರು, 'ಹೊಸತೇನು' ಎಂಬ ಪುಟ ನಡೆಸತೊಡಗಿದರು. ಅದರಲ್ಲಿ ಹೆಸರು ಬಂದರೆ ಸಾಕು, ಜನ ಬಂದು ನೋಡುತ್ತಿದ್ದರು. ತಾಣಗಳು ಹೆಚ್ಚಿದ ಹಾಗೆ ಅದೂ ಸಾಲದಾಯಿತು.

ಆ ಕಾಲದ ಅತಿ ಹೆಸರುವಾಸಿ ತಾಣಗಳಲ್ಲಿ ಒಂದು ಯಾವುದು ಗೊತ್ತಾ? ಒಂದು ಕಾಫಿ ಪಾತ್ರೆ! ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ದೂರದ ಕೋಣೆಗಳಿಂದ ನಡೆದು ಬಂದು ಖಾಲಿ ಪಾತ್ರೆ ನೋಡಿ ಬೇಜಾರಾಗಿ, 1991ರಲ್ಲಿ ಅದರ ಎದುರು ಒಂದು ಕ್ಯಾಮೆರಾ ಇಟ್ಟರು. 1993ರ ನವೆಂಬರ್‌ನಲ್ಲಿ ಆ ಚಿತ್ರ ವೆಬ್ಬಿಗೂ ಬಂತು. ಸಣ್ಣ ಕಪ್ಪುಬಿಳುಪು ಚಿತ್ರ, ಕಾಫಿ ಇದೆಯೋ ಇಲ್ಲವೋ ಅನ್ನುವುದಷ್ಟೇ ಸುದ್ದಿ. ಅದನ್ನ ನೋಡಲು ಲಕ್ಷಗಟ್ಟಲೆ ಜನ ಬಂದರು. 2001ರ ಆಗಸ್ಟ್ 22ರಂದು ಕ್ಯಾಮೆರಾ ನಿಲ್ಲಿಸಿದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ಪಾತ್ರೆ ಇದ್ದ ಯಂತ್ರವನ್ನ ಜರ್ಮನಿಯ ಸ್ಪೀಗೆಲ್ ಪತ್ರಿಕೆಯ ಆನ್‌ಲೈನ್ ವಿಭಾಗ ಇ-ಬೇ ಹರಾಜಿನಲ್ಲಿ 3,350 ಪೌಂಡಿಗೆ ಕೊಂಡಿತು.

ನಗು ಬರುತ್ತೆ ನಿಜ. ಆದರೆ ಪ್ರತಿ ಸಲ ಹೋದಾಗಲೂ ಅಲ್ಲಿ ಹೊಸದೇನೋ ಇರುತ್ತಿತ್ತು, ಅದೂ ಅದೇ ವಿಳಾಸದಲ್ಲಿ. ಈ ಎರಡು ಮಾತು ನೆನಪಿಟ್ಟುಕೊಂಡಿರಿ.

ಪಟ್ಟಿ, ಉಂಗುರ, ಕೊಡುಕೊಳ್ಳು

1994ರ ಶುರುವಿನಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ, ತಮಗೆ ಇಷ್ಟವಾದ ತಾಣಗಳ ಪಟ್ಟಿ ಮಾಡತೊಡಗಿದರು. ಅದೇ ಯಾಹೂ. ಮನುಷ್ಯರೇ ತಾಣ ನೋಡಿ, ಇದು ಸಂಗೀತಕ್ಕೆ ಸೇರಿದ್ದು, ಇದು ಅಡುಗೆಗೆ ಅಂತ ವಿಂಗಡಿಸಿ ಇಡುತ್ತಿದ್ದರು. ಅರ್ಜಿ ಹಾಕಿ ಕಾಯಬೇಕು. ಮುಂದೆ ವ್ಯಾಪಾರದ ತಾಣಗಳಿಂದ ವರ್ಷಕ್ಕೆ 299 ಡಾಲರ್ ಕೇಳುವ ಮಟ್ಟಕ್ಕೆ ಬಂತು. ಅಷ್ಟು ಬೆಲೆ ಆ ಒಂದು ಸಾಲಿಗೆ. 2014ರ ಡಿಸೆಂಬರ್‌ನಲ್ಲಿ ಆ ಪಟ್ಟಿಯನ್ನ ಮುಚ್ಚಿದರು. ಸುದ್ದಿ ಕೇಳಿ 'ಅದು ಇನ್ನೂ ಇತ್ತಾ?' ಅಂದವರೇ ಹೆಚ್ಚು.

ಪಟ್ಟಿಯಲ್ಲಿ ಜಾಗ ಸಿಗದ ಸಣ್ಣವರು ಏನು ಮಾಡಬೇಕು? ಕೈಕೈ ಹಿಡಿದರು. 1995ರಲ್ಲಿ ಸೇಜ್ ವೈಲ್ ಎಂಬ ಹುಡುಗ ವೆಬ್‌ರಿಂಗ್ ಎಂಬ ವ್ಯವಸ್ಥೆ ಶುರು ಮಾಡಿದ. ಒಂದೇ ಆಸಕ್ತಿಯ ತಾಣಗಳೆಲ್ಲ ಉಂಗುರದಂತೆ ಸೇರುವುದು. ನನ್ನ ಪುಟದ ಬುಡದಲ್ಲಿ 'ಮುಂದಿನದು' ಒತ್ತಿದರೆ ನಿಮ್ಮ ತಾಣ, ನಿಮ್ಮದರಲ್ಲಿ ಒತ್ತಿದರೆ ಇನ್ನೊಬ್ಬರದು, ಕೊನೆಗೆ ಸುತ್ತಿ ಬಂದು ಮತ್ತೆ ನನ್ನದು. ಒಬ್ಬ ಬಂದರೆ ಎಲ್ಲರ ಮನೆಗೂ ಬಂದಂತೆ. ಬ್ಲಾಗಿನ ಪಕ್ಕದಲ್ಲಿ ನಾವು ನಾವೇ ಒಬ್ಬರ ಕೊಂಡಿ ಒಬ್ಬರು ಹಾಕಿಕೊಳ್ಳುತ್ತಿದ್ದೆವಲ್ಲ, ಅದು ಇದರ ತಮ್ಮನೇ ಅನ್ನಿ.

1996ರಲ್ಲಿ ಶುರುವಾದ ಲಿಂಕ್‌ಎಕ್ಸ್‌ಚೇಂಜ್‌ನದು ಕೊಡುಕೊಳ್ಳುವ ಲೆಕ್ಕ. ನಿಮ್ಮ ಪುಟದಲ್ಲಿ ಬೇರೆಯವರ ಫಲಕ ಎರಡು ಸಲ ತೋರಿಸಿದರೆ ನಿಮ್ಮ ಫಲಕವನ್ನ ಇನ್ನೆಲ್ಲೋ ಒಂದು ಸಲ ತೋರಿಸುತ್ತಿದ್ದರು. ಉಳಿದ ಜಾಗವನ್ನ ಜಾಹೀರಾತುದಾರರಿಗೆ ಮಾರುತ್ತಿದ್ದರು. 1998ರಲ್ಲಿ ಮೈಕ್ರೋಸಾಫ್ಟ್ ಅದನ್ನ ಸುಮಾರು 265 ಮಿಲಿಯನ್ ಡಾಲರಿಗೆ ಕೊಂಡಿತು. ನಮ್ಮಂಥವರ ಮನೆಗೆ ಬಂದುಹೋದವರ ಲೆಕ್ಕದಲ್ಲೇ ಇಷ್ಟು ದುಡ್ಡಿತ್ತು ನೋಡಿ.

ಲೆಕ್ಕ ಅಂದೆ, ಅದೂ ಸ್ವಲ್ಪ ಮೋಸದ್ದೇ. ಆಗಿನ ಕಂಪನಿಗಳು ತಿಂಗಳಿಗೆ ಇಷ್ಟು ಲಕ್ಷ 'ಹಿಟ್' ಅಂತ ಹೇಳಿಕೊಳ್ಳುತ್ತಿದ್ದವು. ಹಿಟ್ ಅಂದರೆ ಒಬ್ಬ ಮನುಷ್ಯ ಅಲ್ಲ. ಬ್ರೌಸರ್ ಸರ್ವರಿನಿಂದ ಕೇಳುವ ಒಂದೊಂದು ಕಡತವೂ ಒಂದು ಹಿಟ್. ಪುಟದಲ್ಲಿ ಹತ್ತು ಚಿತ್ರಗಳಿದ್ದರೆ ಒಬ್ಬನೇ ಒಬ್ಬ ಬಂದರೂ ಹನ್ನೊಂದು ಹಿಟ್. ಹೆಚ್ಚು ಚಿತ್ರ ಹಾಕಿದಷ್ಟೂ ಹೆಚ್ಚು 'ಜನ'!

ಯಂತ್ರಕ್ಕೆ ಮಂಕುಬೂದಿ

1995ರ ಡಿಸೆಂಬರ್‌ನಲ್ಲಿ ಆಲ್ಟವಿಸ್ಟಾ ಬಂತು. ಪುಟಗಳ ಒಳಗಿನ ಪದಗಳನ್ನೆಲ್ಲ ಓದಿಟ್ಟುಕೊಂಡು ಹುಡುಕಿಕೊಡುವ ಯಂತ್ರ. ಅಂದಮೇಲೆ ಮಾಡೋದೇನು? ಪದಗಳನ್ನ ತುರುಕೋದು. ಓದುಗರಿಗೆ ಕಾಣದ ಹಾಗೆ ಪುಟದ ತಲೆಯಲ್ಲಿ ಕೀವರ್ಡ್‌ಗಳ ಪಟ್ಟಿ ಇಡಲು ಒಂದು ಜಾಗ ಇತ್ತು. ಅದರಲ್ಲಿ ಜನ ತಮಗೆ ಸಂಬಂಧವೇ ಇಲ್ಲದ ಸಿನಿಮಾ ತಾರೆಯರ ಹೆಸರೆಲ್ಲ ಬರೆದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನ ನೂರು ಸಲ ಬರೆದರು. ಮನುಷ್ಯನಿಗೆ ಖಾಲಿ ಜಾಗ, ಯಂತ್ರಕ್ಕೆ ನೂರು ಸಾಕ್ಷಿ.

ಇದನ್ನ ಮುರಿದಿದ್ದು 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೀ ಬ್ರಿನ್. ಅವರ ಪೇಜ್‌ರ‍್ಯಾಂಕ್‌ನ ಲೆಕ್ಕವನ್ನ ನಮ್ಮ ಕಡೆಯ ಮಾತಲ್ಲಿ ಹೇಳಬೇಕೆಂದರೆ, ಸಂಬಂಧ ನೋಡುವಾಗ ಹುಡುಗನನ್ನೇ 'ನೀನು ಒಳ್ಳೆಯವನಾ?' ಅಂತ ಕೇಳಲ್ಲ, ಊರಲ್ಲಿ ವಿಚಾರಿಸುತ್ತೀವಿ. ಅದರಲ್ಲೂ ಕಟ್ಟೆ ಮೇಲೆ ಕೂತ ಹತ್ತು ಜನರ ಮಾತಿಗಿಂತ, ಊರೆಲ್ಲ ಒಪ್ಪುವ ಮೇಷ್ಟ್ರೊಬ್ಬರ ಮಾತಿಗೆ ತೂಕ ಜಾಸ್ತಿ. ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತೆ ಅನ್ನುವುದಷ್ಟೇ ಸಾಲದು, ಯಾರು ಅದಕ್ಕೆ ಕೊಂಡಿ ಕೊಟ್ಟಿದ್ದಾರೆ, ಆ ಕೊಟ್ಟವರಿಗೆ ಯಾರು ಕೊಟ್ಟಿದ್ದಾರೆ ಅಂತ ನೋಡಬೇಕು.

ಜನ ಸುಮ್ಮನಿರುತ್ತಾರಾ? ಈಗ ಕೊಂಡಿಗಳನ್ನೇ ಕೊಳ್ಳತೊಡಗಿದರು. ಬ್ಲಾಗುಗಳ ಪ್ರತಿಕ್ರಿಯೆಗಳಲ್ಲಿ ಮಾತ್ರೆ, ಜೂಜಿನ ತಾಣಗಳ ಕೊಂಡಿ ತುಂಬಿದ್ದು ಇದಕ್ಕೇ. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಒಪ್ಪಿ, ಅಂಥ ಕೊಂಡಿಗಳನ್ನ ಲೆಕ್ಕಕ್ಕೆ ಹಿಡಿಯದ ಗುರುತೊಂದನ್ನ ತಂದರು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಕೆಲ ದಿನ ಹೊರಗಿಟ್ಟಿತು. ಯಂತ್ರಕ್ಕೊಂದು ಪುಟ, ಮನುಷ್ಯರಿಗೊಂದು ಪುಟ ತೋರಿಸಿದ್ದು ಅದರ ತಪ್ಪು. 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್, ತಲೆಯಲ್ಲಿಡುವ ಆ ಕೀವರ್ಡ್ ಪಟ್ಟಿಯನ್ನ ತಾನು ಸ್ಥಾನ ಕೊಡುವಾಗ ನೋಡುವುದೇ ಇಲ್ಲ ಅಂತ ಬಹಿರಂಗವಾಗಿ ಹೇಳಿತು. ಅಷ್ಟು ವರ್ಷ ಅದನ್ನ ತುಂಬಿದವರ ಶ್ರಮ ನೆನೆಸಿಕೊಳ್ಳಿ. ಆಲ್ಟವಿಸ್ಟಾ ಕೂಡ 2013ರ ಜುಲೈನಲ್ಲಿ ಬಾಗಿಲು ಹಾಕಿತು.

ನಮ್ಮ ಕನ್ನಡದ ಕಷ್ಟವೇ ಬೇರೆ

ಇಷ್ಟು ಹೊತ್ತು ಹೇಳಿದ್ದು ಇಂಗ್ಲಿಷಿನವರ ಜಗಳ. ಅವರ ಪುಟ ಹುಡುಕಿದರೆ ಸಿಗುತ್ತಿತ್ತು, ಮೊದಲು ಸಿಗಬೇಕು ಅನ್ನೋದಷ್ಟೇ ಅವರ ಚಿಂತೆ. ನಮ್ಮ ಪುಟಗಳು ಸಿಗುತ್ತಲೇ ಇರಲಿಲ್ಲ.

ಕನ್ನಡಕ್ಕೆ ಯುನಿಕೋಡ್‌ನಲ್ಲಿ ಜಾಗ 1991ರಲ್ಲೇ, ಅದರ ಮೊದಲ ಆವೃತ್ತಿಯಲ್ಲೇ ಇತ್ತು. ಆದರೆ ಮನೆಯ ಕಂಪ್ಯೂಟರಿನಲ್ಲಿ ಅದು ಕಾಣಬೇಕಲ್ಲ? 2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಜೊತೆ ಬಂದಮೇಲೆ, ಅದೂ ನಿಧಾನಕ್ಕೆ, ನಮ್ಮ ಮನೆಗಳಿಗೆ ಯುನಿಕೋಡ್ ಕನ್ನಡ ಬಂತು. ಅದಕ್ಕೆ ಮೊದಲಿನ ಕನ್ನಡ ತಾಣಗಳೆಲ್ಲ ಫಾಂಟಿನ ಮೇಲೆ ನಿಂತಿದ್ದವು. 1996ರಲ್ಲಿ ಪವನಜ ಅವರ ವಿಶ್ವಕನ್ನಡ ಬಂದಾಗಲೂ, 1998ರಲ್ಲಿ ಬರಹ ಬಂದಾಗಲೂ, ಆಮೇಲೆ ನುಡಿ ಬಂದಾಗಲೂ ಉಪಾಯ ಹೆಚ್ಚುಕಮ್ಮಿ ಒಂದೇ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಚಿತ್ರಾನ್ನ. ಆ ಉಪಾಯ ಮಾಡಿದವರನ್ನ ಹಗುರವಾಗಿ ಮಾತಾಡಬಾರದು. ಅವರಿಲ್ಲದಿದ್ದರೆ ಆಗ ವೆಬ್ಬಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ.

ಆದರೆ ಹುಡುಕುವ ಯಂತ್ರ ವೇಷ ನೋಡಲ್ಲ, ಒಳಗಿನ ಸಂಕೇತ ನೋಡುತ್ತೆ. ಅದರ ಪಾಲಿಗೆ ನಮ್ಮ ಪುಟಗಳು ಅರ್ಥವಿಲ್ಲದ ಗೀಚು. ಇನ್ನು ಫಾಂಟನ್ನ ಓದುಗರ ಕಂಪ್ಯೂಟರಿಗೆ ತಾನಾಗಿ ಇಳಿಸುವ 'ಡೈನಮಿಕ್ ಫಾಂಟ್' ಇತ್ತಲ್ಲ, ಅದರಲ್ಲಿ ಮೈಕ್ರೋಸಾಫ್ಟ್‌ನ ಬಗೆಯದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. 2022ರ ಜೂನ್‌ನಲ್ಲಿ ಅದಕ್ಕೂ ನಿವೃತ್ತಿಯಾಯಿತು. ಹಾಗೆ ನಿಂತ ಪುಟ ಯಾವುದಾದರೂ ಇನ್ನೂ ಇದ್ದರೆ, ಅದು ಇದ್ದೂ ಇಲ್ಲ.

2003ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, ಆಮೇಲೆ ನಮ್ಮ ಬ್ಲಾಗುಗಳು ಬಂದವು. ಕನ್ನಡದಲ್ಲಿ ಒಂದು ಪದ ಟೈಪ್ ಮಾಡಿ, ಎಲ್ಲಿಯೋ ಇರುವ ಯಾರೋ ಬರೆದ ಪುಟ ಸಿಕ್ಕ ದಿನ ನಿಮಗೆ ನೆನಪಿದೆಯಾ? ನನಗಿದೆ. ಹಾಡಿನ ಕ್ಯಾಸೆಟ್ಟಿನಲ್ಲಿ ನಮ್ಮೂರಿನ ಹೆಸರು ಕೇಳಿದಷ್ಟು ಖುಷಿಯಾಗಿತ್ತು. ನನ್ನನ್ನ ಕೇಳಿದರೆ, ಕನ್ನಡದ ತಾಣಗಳಿಗೆ ಓದುಗರನ್ನ ತಂದಿದ್ದು ಯಾವ ಪ್ರಚಾರದ ಗುಟ್ಟೂ ಅಲ್ಲ, ಯುನಿಕೋಡ್.

ಊರಿಗೆ ಊರೇ ಹೋಯಿತು

ಈಗ ನಿರ್ವಹಣೆಯ ಮಾತು. 1994ರಲ್ಲಿ ಡೇವಿಡ್ ಬೊನೆಟ್ ಮತ್ತು ಜಾನ್ ರೆಜ್ನರ್ ಶುರು ಮಾಡಿದ ಕಂಪನಿ ಮುಂದೆ ಜಿಯೋಸಿಟೀಸ್ ಆಯಿತು. ಅಲ್ಲಿ ಬಡಾವಣೆಗಳು, ಮನೆ ನಂಬರುಗಳು. ಸಿನಿಮಾದವರು ಹಾಲಿವುಡ್‌ನಲ್ಲಿ, ಕಂಪ್ಯೂಟರಿನವರು ಸಿಲಿಕಾನ್ ವ್ಯಾಲಿಯಲ್ಲಿ ಹೀಗೆ. ಪುಕ್ಕಟೆ ಸೈಟು, ನೀವೇ ಮನೆ ಕಟ್ಟಿಕೊಳ್ಳಿ. 1999ರಲ್ಲಿ ಯಾಹೂ ಅದನ್ನ ಸುಮಾರು 3.5 ಬಿಲಿಯನ್ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. ಹತ್ತು ವರ್ಷದ ಮೇಲೆ, 2009ರ ಅಕ್ಟೋಬರ್ 26ರಂದು, ಲಕ್ಷಾಂತರ ಜನರ ಪುಟಗಳ ಸಮೇತ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಉತ್ಸಾಹಿಗಳ ಗುಂಪು ಹಗಲೂ ರಾತ್ರಿ ಕೂತು ಆದಷ್ಟನ್ನ ನಕಲು ಮಾಡಿಕೊಂಡಿತು. 1996ರಿಂದ ವೆಬ್ಬಿನ ಪ್ರತಿ ತೆಗೆದಿಡುತ್ತಿರುವ ಇಂಟರ್ನೆಟ್ ಆರ್ಕೈವ್ ಕೂಡ ಒಂದಷ್ಟನ್ನ ಉಳಿಸಿತು. ಉಳಿದದ್ದು ಹೋಯಿತು.

ಕೌಂಟರಿನಲ್ಲಿ ಲಕ್ಷ ದಾಟಿದ ಮನೆಯೂ ಹೋಯಿತು, ಇಪ್ಪತ್ತು ಜನ ಬಂದ ಮನೆಯೂ ಹೋಯಿತು. ಜೆಸಿಬಿಗೆ ಕೌಂಟರ್ ಓದಲು ಬರಲ್ಲ.

ಮುಚ್ಚದಿದ್ದವೂ ಉಳಿದವು ಅಂತೇನಿಲ್ಲ. ಫ್ಲಾಶ್‌ನಲ್ಲಿ ಕುಣಿಯುವ ಮುಖಪುಟ ಮಾಡಿಸಿದವರದು 2020ರ ಡಿಸೆಂಬರ್ 31ಕ್ಕೆ, ಅಡೋಬಿ ಫ್ಲಾಶ್ ನಿಲ್ಲಿಸಿದ ದಿನ, ಮುಗಿಯಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿಲ್ಲವಂತೆ. ಅಷ್ಟೇಕೆ, ಪ್ರಪಂಚದ ಆ ಮೊದಲ ತಾಣವೇ ತನ್ನ ವಿಳಾಸದಲ್ಲಿ ಇರಲಿಲ್ಲ. 2013ರಲ್ಲಿ ಸರ್ನ್‌ನವರು 1992ರ ಪ್ರತಿಯೊಂದನ್ನ ತಂದು ಅದರ ಹಳೆಯ ಜಾಗದಲ್ಲಿ ಮತ್ತೆ ಇಟ್ಟರು. ಒಳ್ಳೆಯ ವಿಳಾಸ ಬದಲಾಗಬಾರದು ಅಂತ ಬರ್ನರ್ಸ್-ಲೀ 1998ರಲ್ಲೇ ಒಂದು ಲೇಖನ ಬರೆದಿದ್ದರು. ಅವರ ತಾಣಕ್ಕೇ ಹೀಗಾಯಿತು.

ಮತ್ತೆ ನನ್ನ 43 ಹೆಸರುಗಳು

ನನ್ನ ತಾಣ ಇದ್ದ ಕಂಪನಿ 2005ರಲ್ಲಿ ಪುಕ್ಕಟೆ ಜಾಗ ಕೊಡುವುದನ್ನ ನಿಲ್ಲಿಸಿತು. ಎಚ್ಚರಿಕೆಯ ಪತ್ರ ಬಂದಿತ್ತು, ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ಮಿಂಚಂಚೆಗೆ. ತಪ್ಪು ನನ್ನದೇ. ಮನೆ ಬದಲಿಸುವಾಗ ಆ ನೋಟ್‌ಬುಕ್ ಹೋಗಿತ್ತು. ಕಂಪ್ಯೂಟರಿನ ಡಿಸ್ಕ್ ಅದಕ್ಕೂ ಮೊದಲೇ ಕೆಟ್ಟಿತ್ತು. 'ಹೇಗೂ ತಾಣದಲ್ಲಿ ಇದೆಯಲ್ಲ' ಅಂದುಕೊಂಡಿದ್ದೆ. ಅಪ್ಪ 2003ರಲ್ಲೇ ತೀರಿಕೊಂಡಿದ್ದರು.

ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದೆ. ಮುಖಪುಟ ಸಿಕ್ಕಿತು! ಓಡುವ ಅಕ್ಷರ ಇತ್ತು. ಒಳಗಿನ ಪುಟಗಳು ಒಂದೂ ಇಲ್ಲ. ಯಾಕೆ ಅಂತ ಆಮೇಲೆ ತಿಳಿಯಿತು. ಆಗಿನ ಕ್ರಾಲರ್‌ಗಳು ಸಾದಾ ಕೊಂಡಿ ಹಿಡಿದು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ನನ್ನದು ಸರ್ರಂತ ಬಿಚ್ಚಿಕೊಳ್ಳುವ ಮೆನು, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು. ಒಳಗೆ ಹೋಗಲು ಅವಕ್ಕೆ ಬಾಗಿಲೇ ಸಿಗಲಿಲ್ಲ. ಜನರನ್ನ ಕರೆಯಲೆಂದು ಮಾಡಿದ ಅಲಂಕಾರವೇ ಬಾಗಿಲಿಗೆ ಅಡ್ಡ ಇಟ್ಟ ಬಂಡೆಯಾಗಿತ್ತು.

2012ರಲ್ಲಿ ಈ ಬ್ಲಾಗಿನಲ್ಲಿ ಅಪ್ಪನ ಬಗ್ಗೆ ಬರೆದಿದ್ದೆ. ಓದಿ ಒಬ್ಬರು ಮಿಂಚಂಚೆ ಕಳಿಸಿದರು. ನಮ್ಮ ಪಕ್ಕದೂರಿನವರು, ಆಗ ಹೊರದೇಶದಲ್ಲಿ ಕೆಲಸದಲ್ಲಿದ್ದವರು. '2002ರಲ್ಲಿ ನಿಮ್ಮ ತಾಣದ ಎರಡು ಪುಟ ಉಳಿಸಿಟ್ಟುಕೊಂಡಿದ್ದೆ, ನಮ್ಮ ತಾತನ ಗದ್ದೆಯ ಹೆಸರಿತ್ತು ಅಂತ. ಆದರೆ ಈಗ ತೆರೆದರೆ ಬರೀ ಗೀಚು ಕಾಣುತ್ತೆ, ನಿಮಗೇನಾದರೂ ಓದಲು ಬರುತ್ತಾ?' ಅಂತ ಕಡತ ಲಗತ್ತಿಸಿದ್ದರು. ಪರಿವರ್ತಕ ತಂತ್ರಾಂಶಕ್ಕೆ ಹಾಕಿದೆ. ಒತ್ತಕ್ಷರ ಅಲ್ಲಲ್ಲಿ ಜಾರಿದ್ದವು, ಕೂತು ಸರಿಮಾಡಿದೆ. 31 ಹೆಸರು ವಾಪಸ್ ಬಂದವು. ಮೊದಲು ಬಂದಿದ್ದು ಅಳಿಯನ ಗದ್ದೆ. ಅಪ್ಪ ಆ ಕಥೆ ಹೇಳುವಾಗ ನಗುತ್ತಿದ್ದ ರೀತಿ ಕೂಡ ಬಂದಂತಾಯಿತು.

ಉಳಿದ 12ಕ್ಕೆ ಊರಿಗೆ ಹೋಗಿ ಕೇಳಿದೆ. ಐದು ಹೆಸರುಗಳನ್ನ ದೊಡ್ಡಮ್ಮ ಹೇಳಿದರು. ಏಳು ಯಾರಿಗೂ ಗೊತ್ತಿಲ್ಲ. ಅದರಲ್ಲಿ ಎರಡರ ಮೇಲೆ ಈಗ ಲೇಔಟ್ ಆಗಿದೆ ಅಂತ ನನ್ನ ಅಂದಾಜು. ಅಂದಾಜು ಅಷ್ಟೇ, ಹೆಸರೇ ಗೊತ್ತಿಲ್ಲದ ಮೇಲೆ ಜಾಗ ಹೇಗೆ ಗುರುತಿಸೋದು?

ನನ್ನ ಕೌಂಟರ್ ಕೊನೆಗೆ ನಾಲ್ಕು ಸಾವಿರ ಚಿಲ್ಲರೆ ತೋರಿಸುತ್ತಿತ್ತು. ಅರ್ಧ ನಾನೇ ಇರಬೇಕು. ಉಳಿದ ಎರಡು ಸಾವಿರದಲ್ಲಿ ಆ ಒಬ್ಬರ ಅಂಕಿ ಯಾವುದೋ ಗೊತ್ತಿಲ್ಲ. ಕೌಂಟರಿಗೆ ಅವರೂ ಒಂದು, ಉಳಿದವರೂ ಒಂದು.

ಗೆಳೆಯರಿಗೆ ಉತ್ತರ

ಆದ್ದರಿಂದ ಗೆಳೆಯರೇ, ಜನ ಬರೋದು ಹೇಗೆ ಅಂತ ಕೇಳಿದಿರಲ್ಲ. ಪಟ್ಟಿ ಹೋಯಿತು, ಉಂಗುರ ಸವೆಯಿತು, ಕೀವರ್ಡ್ ಸತ್ತಿತು. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಈಗ ಹುಡುಕಿದರೆ ಉತ್ತರವನ್ನ ಯಂತ್ರವೇ ಬರೆದು ಮೇಲೆ ತೋರಿಸುವ ಕಾಲ, ನಮ್ಮ ಮನೆವರೆಗೆ ಬರುವ ಅಗತ್ಯವೇ ಎಷ್ಟೋ ಜನಕ್ಕಿಲ್ಲ. ಇವತ್ತಿನ ಗುಟ್ಟು ಏನೇ ಇರಲಿ, ಅದೂ ಹತ್ತು ವರ್ಷ ಬಾಳಲ್ಲ.

ನಾನು ಮಾಡೋದು ಇಷ್ಟು. ಬರಹ ಯುನಿಕೋಡ್‌ನಲ್ಲಿ, ಸಾದಾ ಪುಟದಲ್ಲಿ, ಸಾದಾ ಕೊಂಡಿಗಳ ಜೊತೆ ಇರುತ್ತೆ. ಒಮ್ಮೆ ಕೊಟ್ಟ ವಿಳಾಸ ಬದಲಿಸಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಕೂತು ಸತ್ತ ಕೊಂಡಿಗಳನ್ನ ತೆಗೆಯುತ್ತೇನೆ, ಇಡೀ ಬ್ಲಾಗನ್ನ ಇಳಿಸಿ ಎರಡು ಕಡೆ ಇಡುತ್ತೇನೆ. ಇದೂ ಪುಕ್ಕಟೆ ಜಾಗವೇ ತಾನೇ, ಒಂದಲ್ಲ ಒಂದು ದಿನ ಖಾಲಿ ಮಾಡಿ ಅನ್ನಬಹುದು. ಪ್ರತಿ ಹೊಸ ಪುಟವನ್ನ ಇಂಟರ್ನೆಟ್ ಆರ್ಕೈವ್‌ಗೆ ನಾನೇ ಕೊಡುತ್ತೇನೆ, ಪುಕ್ಕಟೆ, ಒಂದು ನಿಮಿಷದ ಕೆಲಸ. ಮತ್ತೆ, ಬೇರೆಯವರು ಒಳ್ಳೆಯದು ಬರೆದಾಗ ಕೊಂಡಿ ಕೊಡುತ್ತೇನೆ. ಜನ ಬರುತ್ತಾರಾ? ಕೆಲವರು ಬರುತ್ತಾರೆ. ತಡವಾಗಿ ಬರುತ್ತಾರೆ. ಬಂದಾಗ ಮನೆ ಇರಬೇಕು, ಅಷ್ಟೇ.

ನಿಮ್ಮಲ್ಲೂ ಯಾರಾದರೂ ಹಳೆಯ ಫಾಂಟಿನ ಕನ್ನಡ ಪುಟಗಳನ್ನ ಸಿಡಿಯಲ್ಲೋ ಹಳೆಯ ಡಿಸ್ಕಿನಲ್ಲೋ ಉಳಿಸಿಟ್ಟಿದ್ದರೆ, ಗೀಚು ಅಂತ ಅಳಿಸಬೇಡಿ. ಪರಿವರ್ತಕಕ್ಕೆ ಹಾಕಿ ನೋಡಿ. ಯಾರದೋ ಅಪ್ಪ ಅದರೊಳಗೆ ಇರಬಹುದು.